ಪಾರ್ಕಿನ್ಸನ್ ಮಾತ್ರೆ ಐದು ವರ್ಷದ ಮೇಲೆ ಕೆಲಸ ಮಾಡಲ್ವಾ?

ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾದ ಮೇಲೆ ಇವತ್ತೋ ನಾಳೆಯೋ ವೈದ್ಯರು ಲೆವೊಡೋಪಾ ಮಾತ್ರೆ ಬರೆದುಕೊಡುತ್ತಾರೆ. ಅದರ ಬಗ್ಗೆ ನಾಲ್ಕು ಜನರನ್ನು ಕೇಳಿದರೆ ಒಂದು ಮಾತು ಖಂಡಿತ ಕಿವಿಗೆ ಬೀಳುತ್ತದೆ: "ಅದು ಐದು ವರ್ಷ ಅಷ್ಟೇ ಕೆಲಸ ಮಾಡೋದು. ಆಮೇಲೆ ಹಿಡಿಯಲ್ಲ. ಆದಷ್ಟು ತಡವಾಗಿ ಶುರು ಮಾಡಿ." ಅಲ್ಲಿಗೆ ಮುಗಿಯಿತು. ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುವವರು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಹೆಣಗುವವರು ಕೂಡ ಮಾತ್ರೆಯನ್ನು ಡಬ್ಬದಲ್ಲೇ ಇಟ್ಟು ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಾರೆ. ಮುಂದೆ ಬೇಕಾಗುತ್ತದಲ್ಲ, ಈಗಲೇ ಯಾಕೆ ಮುಗಿಸುವುದು ಅಂತ.

ಈ ಭಯದಲ್ಲಿ ಸ್ವಲ್ಪ ನಿಜ ಇದೆ. ಕೆಲವು ವರ್ಷ ಕಳೆದ ಮೇಲೆ ಈ ಔಷಧಿಯ ಜೊತೆ ಏಗುವುದು ಕಷ್ಟವಾಗುತ್ತದೆ, ಹೌದು. ಆದರೆ ಮಾತ್ರೆಯ ಶಕ್ತಿ ಮುಗಿದುಹೋಗುವುದಿಲ್ಲ. ಹತ್ತು ವರ್ಷದ ಮೇಲೂ, ಹದಿನೈದು ವರ್ಷದ ಮೇಲೂ ಅದೇ ಮಾತ್ರೆ ನುಂಗಿದರೆ ಬಿಗಿದ ಕೈಕಾಲು ಸಡಿಲವಾಗುತ್ತವೆ. ಬದಲಾಗುವುದು ಅದನ್ನು ಇಟ್ಟುಕೊಂಡು ಬಳಸುವ ಮೆದುಳು. ಅದು ಹೇಗೆ ಅಂತ ಅರ್ಥವಾದರೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಗೋಜಲು ಅನ್ನಿಸುವ ಹೆಚ್ಚಿನ ವಿಷಯಗಳು ತಿಳಿಯಾಗುತ್ತವೆ.

ಮೊದಲು ಮಾತ್ರೆ ಏನು ಮಾಡುತ್ತದೆ ನೋಡೋಣ

ಮೆದುಳಿನ ಒಳಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪಗಿನ ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕ ತಯಾರಿಸಿ, ಉದ್ದನೆಯ ಎಳೆಗಳ ಮೂಲಕ ಸ್ಟ್ರಯೇಟಮ್ ಎಂಬ ಭಾಗಕ್ಕೆ ಕಳಿಸುತ್ತವೆ. ಎದ್ದು ನಿಲ್ಲಲು, ಹೆಜ್ಜೆ ಹಾಕಲು, ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕಲು ಈ ಡೋಪಮಿನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ವರ್ಷಾನುಗಟ್ಟಲೆ ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ಕೈ ನಡುಗುವುದು, ನಡಿಗೆ ನಿಧಾನವಾಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಸ್ಟ್ರಯೇಟಮ್‌ನ ಡೋಪಮಿನ್ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿರುತ್ತದೆ.

ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. ಕಾರಣದ ಎಳೆ ಸಿಕ್ಕಿದ್ದು ಸುಮಾರು 140 ವರ್ಷ ಆದ ಮೇಲೆ. 1957ರಲ್ಲಿ ಸ್ವೀಡನ್‌ನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಎಂಬ ಔಷಧಿ ಕೊಟ್ಟರು. ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಆಮೇಲೆ ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಅವು ಎದ್ದು ಓಡಾಡಿದವು. ಈ ಸರಣಿಯ ಕೆಲಸಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮೆದುಳು ಪರೀಕ್ಷಿಸಿ, ಅಲ್ಲಿ ಡೋಪಮಿನ್ ತೀರಾ ಕಮ್ಮಿ ಇದೆ ಅಂತ ತೋರಿಸಿದರು. ಮರುವರ್ಷವೇ ವಾಲ್ಟರ್ ಬಿರ್ಕ್‌ಮಾಯರ್ ಜೊತೆ ಸೇರಿ ರೋಗಿಗಳಿಗೆ ರಕ್ತನಾಳದ ಮೂಲಕ ಲೆವೊಡೋಪಾ ಕೊಟ್ಟು ನೋಡಿದರು. ಏಳಲಾಗದವರು ಎದ್ದರು. ಆದರೆ ಕೆಲವೇ ಗಂಟೆ ಅಷ್ಟೇ. ಗಮನಿಸಿ, ಇವತ್ತಿಗೂ ನಾವು ಹೆಣಗುತ್ತಿರುವ ತೊಂದರೆ ಮೊದಲ ದಿನವೇ ಮುಖ ತೋರಿಸಿತ್ತು.

1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಒಂದು ದಾರಿ ಕಂಡುಕೊಂಡರು. ಬಾಯಿಂದ ಕೊಡುವುದು, ಕಡಿಮೆಯಿಂದ ಶುರು ಮಾಡಿ ವಾರಗಟ್ಟಲೆ ನಿಧಾನಕ್ಕೆ ಏರಿಸುತ್ತಾ ಹೋಗುವುದು. ಕೆಲವರಿಗೆ ದಿನಕ್ಕೆ ಹಲವು ಗ್ರಾಂ ಕೊಡಬೇಕಾಯಿತು. ಅಷ್ಟೊಂದು ಯಾಕೆ ಬೇಕಾಯಿತು ಅನ್ನುವುದಕ್ಕೂ ಕಾರಣ ಇದೆ.

ಡೋಪಮಿನ್ ಕಮ್ಮಿ ಇದ್ದರೆ ಡೋಪಮಿನ್ನೇ ಕೊಟ್ಟರಾಯಿತು, ಅಲ್ವಾ? ಆಗಲ್ಲ. ರಕ್ತದಲ್ಲಿ ಇರುವುದೆಲ್ಲ ಮೆದುಳಿನೊಳಗೆ ನುಗ್ಗದ ಹಾಗೆ ಒಂದು ತಡೆ ಇದೆ. ಡೋಪಮಿನ್ ಅದನ್ನು ದಾಟಲಾರದು. ಲೆವೊಡೋಪಾ ದಾಟುತ್ತದೆ. ಯಾಕೆಂದರೆ ಅದೊಂದು ಅಮೈನೋ ಆಮ್ಲ. ಊಟದ ಪ್ರೊಟೀನ್ ಒಡೆದು ಬರುವ ಅಮೈನೋ ಆಮ್ಲಗಳನ್ನು ಮೆದುಳಿಗೆ ಸಾಗಿಸುವ ವ್ಯವಸ್ಥೆಯೇ ಇದನ್ನೂ ಒಳಗೆ ಬಿಡುತ್ತದೆ. ಒಳಗೆ ಹೋದ ಮೇಲೆ ಡೋಪಮಿನ್ ಆಗುತ್ತದೆ.

ತೊಂದರೆ ಏನೆಂದರೆ, ಕರುಳಿನಲ್ಲೂ ರಕ್ತದಲ್ಲೂ ಅದನ್ನು ಡೋಪಮಿನ್ ಮಾಡಿಬಿಡುವ ಕಿಣ್ವ ಇದೆ. ಬರೀ ಲೆವೊಡೋಪಾ ನುಂಗಿದರೆ ಹೆಚ್ಚಿನ ಪಾಲು ದಾರಿಯಲ್ಲೇ ಮುಗಿಯುತ್ತದೆ. ಮೆದುಳಿಗೆ ತಲುಪುವುದು ನೂರರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಹೊರಗೆ ತಯಾರಾದ ಡೋಪಮಿನ್ ಸುಮ್ನೆ ಇರುವುದೂ ಇಲ್ಲ. ವಾಕರಿಕೆ ತರಿಸುತ್ತದೆ, ಬಿಪಿ ಇಳಿಸುತ್ತದೆ. ಅದಕ್ಕೇ ಜೊತೆಗೆ ಕಾರ್ಬಿಡೋಪಾ ಅಥವಾ ಬೆನ್ಸೆರಾಜೈಡ್ ಸೇರಿಸುತ್ತಾರೆ. ಇವು ಆ ಕಿಣ್ವವನ್ನು ಮೆದುಳಿನ ಹೊರಗೆ ಮಾತ್ರ ತಡೆಯುತ್ತವೆ. ಮಾತ್ರೆಯ ಮೇಲೆ ಎರಡು ಅಂಕಿ ಇರುತ್ತವಲ್ಲ, ಅದರಲ್ಲಿ ದೊಡ್ಡದು ಲೆವೊಡೋಪಾ, ಚಿಕ್ಕದು ಕಾರ್ಬಿಡೋಪಾ. ಚಿಕ್ಕ ಅಂಕಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಆ ಕಿಣ್ವವನ್ನು ಸರಿಯಾಗಿ ತಡೆಯಲು ದಿನಕ್ಕೆ 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. ಶುರುವಿನಲ್ಲಿ ವಿಪರೀತ ವಾಕರಿಕೆ ಬರುವವರಲ್ಲಿ ಅದು ಸಾಲದೇ ಇರುವುದೂ ಒಂದು ಕಾರಣ ಇರಬಹುದು.

ಟ್ಯಾಂಕ್ ಇರುವ ಮನೆ, ಇಲ್ಲದ ಮನೆ

ರಕ್ತದಲ್ಲಿ ಲೆವೊಡೋಪಾ ನಿಲ್ಲುವುದು ತೀರಾ ಕಮ್ಮಿ ಹೊತ್ತು. ಕಾರ್ಬಿಡೋಪಾ ಜೊತೆಗಿದ್ದರೂ ಸುಮಾರು ಒಂದೂವರೆ ಗಂಟೆಗೆ ಅರ್ಧ ಇಳಿದುಹೋಗುತ್ತದೆ. ಹಾಗಿದ್ದರೂ ಮೊದಲ ಕೆಲವು ವರ್ಷ ದಿನಕ್ಕೆ ಮೂರು ಮಾತ್ರೆಯಲ್ಲಿ ಇಡೀ ದಿನ ಆರಾಮಾಗಿ ಕಳೆಯುತ್ತದೆ. ಒಂದು ಹೊತ್ತು ಮರೆತರೂ ಗೊತ್ತಾಗುವುದಿಲ್ಲ. ಹೇಗೆ?

ಮನೆ ಮೇಲೆ ನೀರಿನ ಟ್ಯಾಂಕ್ ಇದ್ದರೆ, ನಲ್ಲಿಯಲ್ಲಿ ನೀರು ಬಿಡುವುದು ದಿನಕ್ಕೆ ಒಂದೇ ಗಂಟೆ ಆದರೂ ಮನೆಯೊಳಗೆ ಇಡೀ ದಿನ ನೀರು ಬರುತ್ತದೆ. ಬದುಕಿ ಉಳಿದ ಡೋಪಮಿನ್ ಕೋಶಗಳು ಆ ಟ್ಯಾಂಕಿನ ಕೆಲಸ ಮಾಡುತ್ತವೆ. ಬಂದ ಲೆವೊಡೋಪಾವನ್ನು ಡೋಪಮಿನ್ ಮಾಡಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ಬಿಡುತ್ತವೆ. ಕಾಯಿಲೆ ಮುಂದುವರಿದಂತೆ ಕೋಶಗಳು ಕಮ್ಮಿಯಾಗುತ್ತವೆ, ಟ್ಯಾಂಕ್ ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಗೆ ಹೊರಗೆ ನೀರು ಬಿಟ್ಟಾಗ ಮಾತ್ರ ಒಳಗೆ ನೀರು. ರಕ್ತದಲ್ಲಿ ಮಾತ್ರೆಯ ಮಟ್ಟ ಏರಿದಾಗ ಕೈಕಾಲು ಆಡುತ್ತವೆ, ಇಳಿದಾಗ ನಿಲ್ಲುತ್ತವೆ.

ಮಾತ್ರೆ ಸೋತಿಲ್ಲ. ಅದನ್ನು ಹಿಡಿದಿಟ್ಟುಕೊಳ್ಳುವ ಜಾಗ ಹೋಗಿದೆ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಡೋಪಮಿನ್ ಕೋಶಗಳು ಕಮ್ಮಿಯಾದಾಗ ಅಲ್ಲಿರುವ ಸೆರೊಟೋನಿನ್ ಕೋಶಗಳು ಲೆವೊಡೋಪಾವನ್ನು ಡೋಪಮಿನ್ ಮಾಡುವ ಕೆಲಸ ವಹಿಸಿಕೊಳ್ಳುತ್ತವೆ. ಆದರೆ ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಹಿಡಿತ ಅವಕ್ಕೆ ಇಲ್ಲ. ಹಾಗಾಗಿ ಡೋಪಮಿನ್ ಒಮ್ಮೆ ಉಕ್ಕುತ್ತದೆ, ಒಮ್ಮೆ ಬತ್ತುತ್ತದೆ. ಈ ಏರಿಳಿತಕ್ಕೆ ಸಿಕ್ಕಿ ಸ್ಟ್ರಯೇಟಮ್‌ನ ಕೋಶಗಳೂ ವರ್ಷಗಳು ಕಳೆದಂತೆ ತಮ್ಮ ಸ್ವಭಾವ ಬದಲಿಸಿಕೊಳ್ಳುತ್ತವೆ.

ಒಂದು ದಿನ ಹೇಗಿರುತ್ತದೆ

ಆರೇಳು ವರ್ಷದಿಂದ ಕಾಯಿಲೆ ಇರುವವರೊಬ್ಬರ ದಿನ ಹೀಗಿರಬಹುದು. ಬೆಳಿಗ್ಗೆ ಐದೂವರೆಗೆ ಎಚ್ಚರ. ರಾತ್ರಿ ತೆಗೆದುಕೊಂಡದ್ದು ಎಂದೋ ಇಳಿದುಹೋಗಿದೆ. ಎಡಗಾಲಿನ ಬೆರಳುಗಳು ಒಳಕ್ಕೆ ಮುದುರಿಕೊಂಡು ನೋಯುತ್ತಿವೆ. ಇದಕ್ಕೆ ಡಿಸ್ಟೋನಿಯಾ ಅನ್ನುತ್ತಾರೆ. ಬೆಳಗಿನ ಜಾವ ಬರುವುದೇ ಜಾಸ್ತಿ. ಏಳು ಗಂಟೆಗೆ ಮೊದಲ ಮಾತ್ರೆ. ಏಳು ಮುಕ್ಕಾಲಿಗೆ ಮೈ ಸಡಿಲವಾಗುತ್ತದೆ. ಈಗ ಆನ್. ಸ್ನಾನ, ಬಟ್ಟೆ, ತಿಂಡಿ ಎಲ್ಲ ಯಾರ ನೆರವೂ ಇಲ್ಲದೆ ನಡೆಯುತ್ತವೆ. ಹತ್ತೂವರೆಗೆ ಬಲಗೈ ಮತ್ತೆ ಭಾರ. ಬರೆದರೆ ಅಕ್ಷರ ಚಿಕ್ಕದಾಗುತ್ತದೆ. ಜೊತೆಗೆ ಎದೆಯಲ್ಲಿ ಏನೋ ಕಳವಳ, ಬೆವರು. ಮುಂದಿನ ಮಾತ್ರೆ ಹನ್ನೊಂದಕ್ಕೆ. ಅದು ಹಿಡಿಯುವುದು ಹನ್ನೊಂದು ಮುಕ್ಕಾಲಿಗೆ. ಅಲ್ಲಿಯವರೆಗೆ ಆಫ್. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಊಟ ಮಾಡಿ ಮೂರು ಗಂಟೆಗೆ ತೆಗೆದುಕೊಂಡದ್ದು ನಾಲ್ಕೂವರೆ ಆದರೂ ಹಿಡಿದೇ ಇಲ್ಲ.

ಡೋಸ್‌ಗೆ ಮುಂಚೆಯೇ ಪ್ರಭಾವ ಇಳಿಯುವುದಕ್ಕೆ ವೇರಿಂಗ್ ಆಫ್ ಅನ್ನುತ್ತಾರೆ. ಆ ಕಳವಳ, ಬೆವರು, ಮನಸ್ಸು ಕುಗ್ಗುವುದು ಕೂಡ ಇದರ ಭಾಗವೇ. ಎಷ್ಟೋ ಜನ ಇದನ್ನು ಹೃದಯದ ತೊಂದರೆ ಅಂದುಕೊಂಡು ಇಸಿಜಿ ಮಾಡಿಸಿಕೊಳ್ಳುತ್ತಾರೆ. ಗಡಿಯಾರ ನೋಡಿಕೊಂಡರೆ ಸಾಕು, ಅದು ಪ್ರತಿ ಸಲ ಮಾತ್ರೆಗೆ ಅರ್ಧ ಗಂಟೆ ಮುಂಚೆಯೇ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ತುದಿಯಲ್ಲಿ ಡಿಸ್ಕಿನೇಸಿಯಾ ಇದೆ. ಮಾತ್ರೆಯ ಮಟ್ಟ ತುದಿ ಮುಟ್ಟಿದಾಗ ಕತ್ತು, ಭುಜ, ಸೊಂಟ, ಕಾಲು ತಾವಾಗಿಯೇ ಓಲಾಡುತ್ತವೆ, ತಿರುಚಿಕೊಳ್ಳುತ್ತವೆ. ಇದು ನಡುಕ ಅಲ್ಲ. ನೋಡುವವರಿಗೆ ಗಾಬರಿ. "ಕಾಯಿಲೆ ಜಾಸ್ತಿಯಾಗಿದೆ, ಇನ್ನೊಂದು ಮಾತ್ರೆ ಕೊಡಿ" ಅಂತ ಮನೆಯವರು ಅವಸರ ಮಾಡಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಯಾಕೆಂದರೆ ಇಲ್ಲಿ ಔಷಧಿ ಆಗಲೇ ಹೆಚ್ಚಾಗಿದೆ. ಒಂದು ವಿಚಿತ್ರ ಏನೆಂದರೆ, ರೋಗಿಗಳಿಗೆ ಇದು ಅಷ್ಟಾಗಿ ತೊಂದರೆ ಅನ್ನಿಸದೇ ಇರಬಹುದು. ಸ್ವಲ್ಪ ಓಲಾಡಿದರೂ ಪರವಾಗಿಲ್ಲ, ಕಲ್ಲಿನ ಹಾಗೆ ಕೂರುವುದು ಬೇಡ ಅನ್ನುವವರೇ ಹೆಚ್ಚು. ಡೋಸ್ ಹೊಂದಿಸುವಾಗ ಅವರ ಮಾತಿಗೇ ಬೆಲೆ ಕೊಡಬೇಕು ಅಂತ ನನಗನ್ನಿಸುತ್ತದೆ. ಓಲಾಡುವುದು ನೋಡಲು ಚೆನ್ನಾಗಿಲ್ಲ ಅಂತ ಮನೆಯವರು ಡೋಸ್ ಇಳಿಸಲು ಒತ್ತಾಯಿಸುವುದು ಸರಿಯಲ್ಲ.

ಲೆವೊಡೋಪಾ ಶುರುವಾಗಿ ನಾಲ್ಕರಿಂದ ಆರು ವರ್ಷಕ್ಕೆ ಸುಮಾರು 40% ಜನರಲ್ಲಿ ಈ ಏರಿಳಿತವೋ ಡಿಸ್ಕಿನೇಸಿಯಾವೋ ಕಾಣಿಸಿಕೊಳ್ಳುತ್ತದೆ. ಐದು ವರ್ಷದ ಮಾತು ಹುಟ್ಟಿದ್ದು ಬಹುಶಃ ಇಂಥ ಅಂಕಿಗಳಿಂದಲೇ. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಶುರುವಾದವರಿಗೆ ಇದರ ಸಂಭವ ಜಾಸ್ತಿ. ಮೈತೂಕ ಕಮ್ಮಿ ಇರುವವರಿಗೆ, ಹೆಂಗಸರಿಗೆ ಡಿಸ್ಕಿನೇಸಿಯಾ ಸ್ವಲ್ಪ ಬೇಗ ಬರುತ್ತದೆ. ಎಪ್ಪತ್ತು ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ ಕಮ್ಮಿ.

ತಡವಾಗಿ ಶುರು ಮಾಡಿದರೆ ತಪ್ಪುತ್ತದಾ?

ಇದನ್ನು ಪರೀಕ್ಷಿಸುವುದು ಸುಲಭವಲ್ಲ. ಔಷಧಿ ಕೊಡದೆ ವರ್ಷಗಟ್ಟಲೆ ಯಾರನ್ನೂ ಕೂರಿಸುವ ಹಾಗಿಲ್ಲ. ಆದರೆ ಘಾನಾದಲ್ಲಿ ಔಷಧಿ ಸಿಗದೆ, ಕೊಳ್ಳಲಾಗದೆ ಜನ ತಾವಾಗಿಯೇ ಕಾಯುತ್ತಿದ್ದರು. ಅವರನ್ನು ಇಟಲಿಯ ರೋಗಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಇಟಲಿಯವರು ಕಾಯಿಲೆ ಶುರುವಾಗಿ ಸರಾಸರಿ ಎರಡೂವರೆ ವರ್ಷದೊಳಗೆ ಲೆವೊಡೋಪಾ ತೆಗೆದುಕೊಂಡಿದ್ದರು. ಘಾನಾದವರಿಗೆ ಅದು ಸಿಕ್ಕಿದ್ದು ನಾಲ್ಕು ವರ್ಷ ಕಳೆದ ಮೇಲೆ. ತಡ ಮಾಡಿದ್ದರಿಂದ ಲಾಭ ಇದ್ದಿದ್ದರೆ ಘಾನಾದವರಲ್ಲಿ ಏರಿಳಿತ ತಡವಾಗಿ ಬರಬೇಕಿತ್ತು. ಬರಲಿಲ್ಲ. ಕಾಯಿಲೆ ಶುರುವಾದ ದಿನದಿಂದ ಲೆಕ್ಕ ಹಾಕಿದರೆ ಎರಡೂ ಕಡೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಂದಿತ್ತು. ಘಾನಾದವರಲ್ಲಿ ಮಾತ್ರೆ ಶುರು ಮಾಡಿದ ಕೆಲವೇ ತಿಂಗಳಲ್ಲಿ ಡಿಸ್ಕಿನೇಸಿಯಾ ಕಂಡವರೂ ಇದ್ದರು. ಗಡಿಯಾರ ಓಡುವುದು ಕಾಯಿಲೆಯದ್ದು, ಮಾತ್ರೆಯದ್ದಲ್ಲ.

ಇನ್ನೂ ಕಟುವಾದ ಸಾಕ್ಷಿ ಕ್ಯಾಲಿಫೋರ್ನಿಯಾದಿಂದ ಬಂತು. 1982ರಲ್ಲಿ ಅಲ್ಲಿನ ಕೆಲವು ಯುವಕರು ಕದ್ದುಮುಚ್ಚಿ ತಯಾರಾದ ಹೆರಾಯಿನ್‌ನಂಥ ಮಾದಕ ವಸ್ತು ಚುಚ್ಚಿಕೊಂಡು ರಾತ್ರೋರಾತ್ರಿ ಅನ್ನುವ ಹಾಗೆ ಮರಗಟ್ಟಿಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಸ್ತು ಅವರ ಡೋಪಮಿನ್ ಕೋಶಗಳನ್ನು ಕೊಂದುಹಾಕಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಇದನ್ನು ಪತ್ತೆಹಚ್ಚಿದರು. ಲೆವೊಡೋಪಾ ಕೊಟ್ಟಾಗ ಅವರು ಚೇತರಿಸಿಕೊಂಡರು. ಆದರೆ ಬೇರೆಯವರಿಗೆ ವರ್ಷಗಳು ಹಿಡಿಯುವ ಏರಿಳಿತ, ಡಿಸ್ಕಿನೇಸಿಯಾ ಅವರಿಗೆ ಬಹಳ ಬೇಗ ಬಂದವು. ಟ್ಯಾಂಕ್ ಮೊದಲೇ ಒಡೆದಿತ್ತಲ್ಲ.

2019ರಲ್ಲಿ ನೆದರ್ಲೆಂಡ್ಸ್‌ನ 445 ರೋಗಿಗಳ ಪರೀಕ್ಷೆ ಇದನ್ನು ಇನ್ನೊಂದು ಕಡೆಯಿಂದ ನೋಡಿತು. ಅರ್ಧ ಜನರಿಗೆ ಕೂಡಲೇ ಲೆವೊಡೋಪಾ, ಇನ್ನರ್ಧ ಜನರಿಗೆ 40 ವಾರ ತಡವಾಗಿ. 80 ವಾರಕ್ಕೆ ಇಬ್ಬರಲ್ಲೂ ವ್ಯತ್ಯಾಸ ಇರಲಿಲ್ಲ. ಬೇಗ ಶುರು ಮಾಡಿದ್ದರಿಂದ ಕಾಯಿಲೆ ನಿಧಾನವಾಗಲಿಲ್ಲ, ಕೆಡಲೂ ಇಲ್ಲ.

ಹಾಗಂತ ಕಂಡ ಕೂಡಲೇ ಜಾಸ್ತಿ ಡೋಸ್ ಕೊಡಬೇಕು ಅಂತಲ್ಲ. ದಿನದ ಒಟ್ಟು ಡೋಸ್ ಹೆಚ್ಚಾದಷ್ಟೂ ಡಿಸ್ಕಿನೇಸಿಯಾ ಸಂಭವ ಹೆಚ್ಚು, ಅದು ನಿಜ. ಕೆಲಸ ನಡೆಯುವಷ್ಟು ಕೊಡಬೇಕು, ಅದಕ್ಕಿಂತ ಹೆಚ್ಚು ಬೇಡ. ನಡುಕ ಸ್ವಲ್ಪ ಇದ್ದು ದಿನದ ಕೆಲಸಕ್ಕೆ ಅಡ್ಡಿ ಇಲ್ಲದಿದ್ದರೆ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಕೆಲಸ ಬಿಡುವ ಹಂತಕ್ಕೆ ಬಂದು, ಓಡಾಟ ನಿಂತು, ಬೀಳುತ್ತಾ ಏಳುತ್ತಾ ಮಾತ್ರೆಯನ್ನು ಉಳಿಸಿಟ್ಟರೆ ಕಳೆದುಕೊಳ್ಳುವುದು ಅತ್ಯಂತ ಒಳ್ಳೆಯ ವರ್ಷಗಳನ್ನು. ಅವು ವಾಪಸ್ ಬರುವುದಿಲ್ಲ.

ಬೇರೆ ಮಾತ್ರೆಗಳು, ಬೇರೆ ತಲೆನೋವುಗಳು

ಲೆವೊಡೋಪಾ ಬಿಟ್ಟರೆ ಹೆಚ್ಚು ಬಳಕೆಯಲ್ಲಿರುವುದು ಡೋಪಮಿನ್ ಅಗೋನಿಸ್ಟ್‌ಗಳು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು, ಚರ್ಮಕ್ಕೆ ಅಂಟಿಸುವ ರೋಟಿಗೋಟಿನ್ ಪಟ್ಟಿ. ಇವು ಡೋಪಮಿನ್ ಆಗುವುದಿಲ್ಲ. ಅದರ ಹಾಗೆ ನಟಿಸಿ ಅದೇ ಗ್ರಾಹಕಗಳನ್ನು, ಅಂದರೆ ಕೋಶದ ಮೇಲೆ ಡೋಪಮಿನ್ ಬಂದು ಕೂರುವ ಜಾಗಗಳನ್ನು, ಚುರುಕು ಮಾಡುತ್ತವೆ. ಹೆಚ್ಚು ಹೊತ್ತು ನಿಲ್ಲುತ್ತವೆ, ಡಿಸ್ಕಿನೇಸಿಯಾ ಕಮ್ಮಿ. ಅದಕ್ಕೇ ವಯಸ್ಸು ಕಮ್ಮಿ ಇರುವವರಿಗೆ ಮೊದಲು ಇವನ್ನು ಕೊಡುವ ಪದ್ಧತಿ ಬಂತು. ಆದರೆ ಲೆವೊಡೋಪಾದಷ್ಟು ಬಲ ಇಲ್ಲ. ಕಾಲು ಊದಿಕೊಳ್ಳಬಹುದು. ಕೂತಲ್ಲೇ ಇದ್ದಕ್ಕಿದ್ದಂತೆ ನಿದ್ದೆ ಬರಬಹುದು. ವಾಹನ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇದಕ್ಕಿಂತ ದೊಡ್ಡ ತೊಂದರೆ ಯಾರೂ ಬಾಯಿಬಿಟ್ಟು ಹೇಳದೇ ಇರುವಂಥದ್ದು. ಡೋಪಮಿನ್‌ಗೆ ಚಲನೆಯ ಜೊತೆಗೆ ಆಸೆ, ಸುಖ, ಪ್ರತಿಫಲದ ಜೊತೆಗೂ ನಂಟಿದೆ. ಅಗೋನಿಸ್ಟ್‌ಗಳು ಆ ದಾರಿಯನ್ನೂ ಕೆರಳಿಸುತ್ತವೆ. ಎಂದೂ ಜೂಜು ಮುಟ್ಟದವರು ರಾತ್ರಿಯೆಲ್ಲ ಫೋನಿನಲ್ಲಿ ಬೆಟ್ಟಿಂಗ್ ಆಡುತ್ತಾರೆ. ಬೇಡದ ಸಾಮಾನು ತರಿಸಿಕೊಂಡು ಮೂಲೆಯಲ್ಲಿ ಪೇರಿಸುತ್ತಾರೆ. ತಿನ್ನುವುದು ನಿಲ್ಲುವುದಿಲ್ಲ. ಕಾಮದ ಬಯಕೆ ಮಿತಿ ಮೀರುತ್ತದೆ. ಅಮೆರಿಕ ಮತ್ತು ಕೆನಡಾದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2010ರಲ್ಲಿ ಬಂತು. ಅಗೋನಿಸ್ಟ್ ತೆಗೆದುಕೊಳ್ಳುವವರಲ್ಲಿ ಸುಮಾರು 17% ಜನರಿಗೆ, ತೆಗೆದುಕೊಳ್ಳದವರಲ್ಲಿ ಸುಮಾರು 7% ಜನರಿಗೆ ಇಂಥ ಗೀಳು ಇತ್ತು. ಇದು ಅವರ ನಡತೆ ಕೆಟ್ಟದ್ದಲ್ಲ, ಔಷಧಿಯ ಅಡ್ಡ ಪರಿಣಾಮ. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ, ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಬ್ಯಾಂಕಿನ ಖಾತೆ ಖಾಲಿ. ಮಾತ್ರೆ ಶುರು ಮಾಡುವ ದಿನವೇ ಮನೆಯವರನ್ನೂ ಕೂರಿಸಿಕೊಂಡು ಹೇಳಿಬಿಡುವುದು ವಾಸಿ. ಇನ್ನೊಂದು ಎಚ್ಚರ: ಇದನ್ನು ನಿಧಾನಕ್ಕೇ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ಚಟ ಬಿಡಿಸಿದಾಗ ಆಗುವಂಥ ಚಡಪಡಿಕೆ, ಖಿನ್ನತೆ ಕಾಡಬಹುದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ರಸಾಜಿಲಿನ್, ಸೆಲೆಜಿಲಿನ್, ಸಫಿನಮೈಡ್ ಮೆದುಳಿನಲ್ಲಿ ಡೋಪಮಿನ್ ಒಡೆಯುವುದನ್ನು ತಡೆಯುತ್ತವೆ. ಲಾಭ ಸ್ವಲ್ಪವೇ, ತೊಂದರೆಯೂ ಕಮ್ಮಿ. ಆದರೆ ಕೆಲವು ನೋವಿನ ಔಷಧಿ ಮತ್ತು ಕೆಮ್ಮಿನ ಸಿರಪ್‌ಗಳ ಜೊತೆ ಇವು ಹೊಂದುವುದಿಲ್ಲ. ಟ್ರಮಡಾಲ್, ಡೆಕ್ಸ್ಟ್ರೋಮೆಥಾರ್ಫನ್ ಹೆಸರು ನೆನಪಿಟ್ಟುಕೊಳ್ಳಿ. ಎಂಟಾಕಪೋನ್ ಮತ್ತು ಒಪಿಕಪೋನ್ ರಕ್ತದಲ್ಲಿ ಲೆವೊಡೋಪಾ ಇನ್ನಷ್ಟು ಹೊತ್ತು ನಿಲ್ಲುವಂತೆ ಮಾಡುತ್ತವೆ. ಎಂಟಾಕಪೋನ್ ಅನ್ನು ಪ್ರತಿ ಡೋಸ್ ಜೊತೆ ನುಂಗಬೇಕು, ಒಪಿಕಪೋನ್ ರಾತ್ರಿ ಒಂದು ಸಾಕು. ಎಂಟಾಕಪೋನ್ ತೆಗೆದುಕೊಂಡರೆ ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗಬಹುದು, ಅದು ರಕ್ತವಲ್ಲ. ಟ್ರೈಹೆಕ್ಸಿಫೆನಿಡಿಲ್ ಹಳೆಯ ಔಷಧಿ, ನಡುಕಕ್ಕೆ ಒಳ್ಳೆಯದು. ಆದರೆ ವಯಸ್ಸಾದವರಿಗೆ ಮರೆವು, ಗೊಂದಲ ತರುತ್ತದೆ, ಮೂತ್ರ ಕಟ್ಟುತ್ತದೆ. ಎಪ್ಪತ್ತರ ಮೇಲಿನವರ ಚೀಟಿಯಲ್ಲಿ ಇದನ್ನು ಕಂಡರೆ ಬೇಕೇಬೇಕಾ ಅಂತ ಒಮ್ಮೆ ಕೇಳುವುದು ಒಳ್ಳೆಯದು.

ಅಮಾಂಟಡಿನ್ ಕಥೆ ಮಾತ್ರ ಸ್ವಾರಸ್ಯದ್ದು. ಅದು ಆಗ ಫ್ಲೂ ಜ್ವರದ ಔಷಧಿಯಾಗಿತ್ತು. 1968ರಲ್ಲಿ ಪಾರ್ಕಿನ್ಸನ್ ಇದ್ದ ಮಹಿಳೆಯೊಬ್ಬರು ಫ್ಲೂ ಬಾರದಿರಲಿ ಅಂತ ಅದನ್ನು ನುಂಗಿದರು. ನಡುಕ, ಬಿಗಿತ ಕಮ್ಮಿಯಾಯಿತು. ನಿಲ್ಲಿಸಿದಾಗ ಮತ್ತೆ ಬಂತು. ಹಾಗೆ ಆಕಸ್ಮಿಕವಾಗಿ ಸಿಕ್ಕಿದ ಆ ಔಷಧಿ ಇವತ್ತು ಡಿಸ್ಕಿನೇಸಿಯಾ ತಗ್ಗಿಸಲು ಇರುವ ಮುಖ್ಯ ಮಾತ್ರೆ.

ಹೊಟ್ಟೆಯೂ ಲೆಕ್ಕಕ್ಕಿದೆ

ಮೇಲೆ ಹೇಳಿದ ದಿನದಲ್ಲಿ ಊಟ ಮಾಡಿ ಮೂರು ಗಂಟೆಗೆ ತೆಗೆದುಕೊಂಡ ಆ ಮಾತ್ರೆ ಯಾಕೆ ಹಿಡಿಯಲಿಲ್ಲ? ಲೆವೊಡೋಪಾ ಹೀರಿಕೊಳ್ಳುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಹೊಟ್ಟೆಯಿಂದ ಅಲ್ಲಿಗೆ ಜಾರಿದರೆ ತಾನೇ ಕೆಲಸ ಶುರು? ಪಾರ್ಕಿನ್ಸನ್ ಹೊಟ್ಟೆಯ ಚಲನೆಯನ್ನೂ ನಿಧಾನ ಮಾಡುತ್ತದೆ. ಭಾರೀ ಊಟ, ಮಲಬದ್ಧತೆ ಸೇರಿದರೆ ಮಾತ್ರೆ ಒಳಗೇ ಕೂತಿರುತ್ತದೆ. ಜೊತೆಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳ ಪ್ರೊಟೀನಿನಿಂದ ಬಂದ ಅಮೈನೋ ಆಮ್ಲಗಳು ಕರುಳಿನಲ್ಲೂ ಮೆದುಳಿನ ತಡೆಯ ಹತ್ತಿರವೂ ಲೆವೊಡೋಪಾ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತವೆ.

ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ಮಾತ್ರೆ ತೆಗೆದುಕೊಳ್ಳಿ ಅನ್ನುತ್ತಾರೆ. ಹೊಸದಾಗಿ ಶುರು ಮಾಡಿದವರಿಗೆ ಇಷ್ಟು ಬಿಗಿ ಬೇಕಿಲ್ಲ, ವಾಕರಿಕೆ ಬಂದರೆ ಏನಾದರೂ ಸ್ವಲ್ಪ ತಿಂದೇ ನುಂಗಬಹುದು. ಪ್ರೊಟೀನ್ ಪೂರ್ತಿ ಬಿಡುವುದು ತಪ್ಪು. ಮೈತೂಕ ಇಳಿದು ಸ್ನಾಯು ಸೊರಗುತ್ತವೆ. ಹಗಲಿನ ಏರಿಳಿತ ಜಾಸ್ತಿ ಇರುವವರು ಪ್ರೊಟೀನಿನ ಬಹುಪಾಲನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಬಹುದು. ಕಬ್ಬಿಣದ ಮಾತ್ರೆ ಲೆವೊಡೋಪಾವನ್ನು ಹಿಡಿದುಬಿಡುತ್ತದೆ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಮಲಬದ್ಧತೆಗೆ ಚಿಕಿತ್ಸೆ ಮಾಡಿದ ಮಾತ್ರಕ್ಕೆ ಮಾತ್ರೆ ಚೆನ್ನಾಗಿ ಹಿಡಿಯಲು ಶುರುವಾಗಿದ್ದೂ ಉಂಟು.

ನಸುಗುನ್ನಿ ಬೀಜದ ಪುಡಿಯ ಬಗ್ಗೆ ಕೇಳುವವರಿದ್ದಾರೆ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದೇ ಕಾರಣಕ್ಕೆ ಅದು ನಿರುಪದ್ರವಿ ಅಲ್ಲ. ಪುಡಿಯಿಂದ ಪುಡಿಗೆ ಪ್ರಮಾಣ ಬದಲಾಗುತ್ತದೆ, ಕಾರ್ಬಿಡೋಪಾ ಇರುವುದಿಲ್ಲ. ಮಾತ್ರೆಯ ಜೊತೆ ಗುಟ್ಟಾಗಿ ಸೇರಿಸಿದರೆ ವೈದ್ಯರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಡೋಪಮಿನ್‌ಗೆ ಬಗ್ಗದ ತೊಂದರೆಗಳು

ಏರಿಳಿತವನ್ನು ಹೇಗೋ ಹೊಂದಿಸಬಹುದು. ದೀರ್ಘಕಾಲದಲ್ಲಿ ನಿಜವಾಗಿ ಕಾಡುವುದು ಬೇರೆ. ಆಯ ತಪ್ಪಿ ಬೀಳುವುದು, ಮಾತು ಅಸ್ಪಷ್ಟವಾಗುವುದು, ನುಂಗಲು ಕಷ್ಟವಾಗುವುದು, ಮರೆವು. ಕಾಯಿಲೆ ಡೋಪಮಿನ್ ಕೋಶಗಳಾಚೆಗೂ ಹರಡಿರುತ್ತದೆ. ಅಲ್ಲಿಗೆ ಲೆವೊಡೋಪಾ ಎಷ್ಟು ಸುರಿದರೂ ಪ್ರಯೋಜನವಿಲ್ಲ. "ಮಾತ್ರೆ ಹಿಡಿಯುತ್ತಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಇಂಥ ಕಡೆ ಡೋಸ್ ಏರಿಸುವುದಕ್ಕಿಂತ ವ್ಯಾಯಾಮ, ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಕೆಲವು ಕಡೆ ಕಾಯಿಲೆ ಮತ್ತು ಔಷಧಿ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಎದ್ದು ನಿಂತ ಕೂಡಲೇ ಬಿಪಿ ಕುಸಿಯುವುದು ಹಾಗೆ. ಭ್ರಮೆಯೂ ಹಾಗೆ. ಮೊದಮೊದಲು ಪಕ್ಕದಲ್ಲಿ ಯಾರೋ ನಿಂತಂತೆ, ಬೆಕ್ಕು ಓಡಿದಂತೆ ಅನ್ನಿಸುತ್ತದೆ. ಇಲ್ಲ ಅಂತ ಅವರಿಗೂ ಗೊತ್ತಿರುತ್ತದೆ. ಆಮೇಲೆ ಗೊತ್ತಾಗುವುದು ನಿಲ್ಲುತ್ತದೆ. ಆಗ ಮೂತ್ರದ ಸೋಂಕೇನಾದರೂ ಇದೆಯಾ ಅಂತ ನೋಡಿ, ಟ್ರೈಹೆಕ್ಸಿಫೆನಿಡಿಲ್, ಅಮಾಂಟಡಿನ್, ಅಗೋನಿಸ್ಟ್ ಒಂದೊಂದಾಗಿ ಇಳಿಸುತ್ತಾರೆ. ಕೊನೆಗೆ ಉಳಿಸಿಕೊಳ್ಳುವುದು ಲೆವೊಡೋಪಾ. ಔಷಧಿ ಬೇಕೇ ಆದರೆ ಕ್ವೆಟಿಯಾಪಿನ್, ಕ್ಲೋಜಾಪಿನ್, ಪಿಮವಾನ್ಸೆರಿನ್. ಹಾಲೋಪೆರಿಡಾಲ್ ಮಾತ್ರ ಬೇಡ. ಅದು ಡೋಪಮಿನ್ ಗ್ರಾಹಕಗಳನ್ನೇ ಮುಚ್ಚಿ ರೋಗಿಯನ್ನು ಮರಗಟ್ಟಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಕೂಡ ಪಾರ್ಕಿನ್ಸನ್ ಹೆಚ್ಚಿಸುತ್ತವೆ. ಸಣ್ಣ ತೊಂದರೆ ಅಂತ ಬೇರೆ ಯಾರೋ ಬರೆದುಕೊಡುವ ಔಷಧಿಗಳು ಇವು, ಅದಕ್ಕೇ ಹೇಳಿದೆ.

ಮಾತ್ರೆಯಾಚೆಗೆ

ಐದಾರು ಬಾರಿ ಹಂಚಿ ಕೊಟ್ಟರೂ, ಜೊತೆಗೆ ಬೇರೆ ಔಷಧಿ ಸೇರಿಸಿದರೂ ದಿನದಲ್ಲಿ ಹಲವು ಗಂಟೆ ಆಫ್ ಉಳಿದರೆ, ಔಷಧಿಯನ್ನು ನಿಲ್ಲದೆ ಹರಿಸುವ ದಾರಿಗಳಿವೆ. ಲೆವೊಡೋಪಾ ಜೆಲ್ ಅನ್ನು ಕೊಳವೆ ಮೂಲಕ ನೇರ ಸಣ್ಣ ಕರುಳಿಗೆ ಬಿಡುವ ಪಂಪ್. ಚರ್ಮದ ಅಡಿಗೆ ಅಪೊಮಾರ್ಫಿನ್ ಎಂಬ ಅಗೋನಿಸ್ಟ್ ಹರಿಸುವ ಪಂಪ್. ಕರುಳಿಗೆ ಕೊಳವೆ ಹಾಕದೆ, ಚರ್ಮದ ಅಡಿಗೇ 24 ಗಂಟೆ ಹರಿಸಬಲ್ಲ, ಮೈಯೊಳಗೆ ಲೆವೊಡೋಪಾ ಆಗುವ ಫಾಸ್‌ಲೆವೊಡೋಪಾಗೆ ಅಮೆರಿಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಟ್ಯಾಂಕ್ ಇಲ್ಲದಿದ್ದರೇನು, ನಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳೋಣ ಅನ್ನುವುದೇ ಇವೆಲ್ಲದರ ಹಿಂದಿನ ಯೋಚನೆ. ಏರಿಳಿತ ಕಮ್ಮಿಯಾದಾಗ ಡಿಸ್ಕಿನೇಸಿಯಾವೂ ತಗ್ಗುವುದನ್ನು ನೋಡಿದರೆ ಈ ಯೋಚನೆ ಸರಿಯಾಗಿದೆ ಅಂತಲೇ ಅನ್ನಿಸುತ್ತದೆ.

ಡಿಬಿಎಸ್ ಅಂದರೆ ಮೆದುಳಿನ ಆಳದಲ್ಲಿ ತಂತಿ ಇಟ್ಟು ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ. ಯಾರಿಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಒರಟು ಅಳತೆ ಇದೆ. ಲೆವೊಡೋಪಾದ ಒಳ್ಳೆಯ ಡೋಸ್‌ಗೆ ಯಾವ ಲಕ್ಷಣ ಸುಧಾರಿಸುತ್ತದೋ ಅದು ಡಿಬಿಎಸ್‌ಗೂ ಸುಧಾರಿಸುತ್ತದೆ. ಮಾತ್ರೆಗೆ ಬಗ್ಗದ ನಡುಕ ಮಾತ್ರ ಇದಕ್ಕೆ ಹೊರತು. ಮಾತು, ಆಯ, ಮರೆವು ಇದರಿಂದ ಸರಿಹೋಗುವುದಿಲ್ಲ. ಹಾಗಾಗಿ ಕೊನೆಯ ಅಸ್ತ್ರ ಅಂತ ತೀರಾ ತಡ ಮಾಡಿದರೆ ಉಪಯೋಗವಿಲ್ಲ.

ಕೋಶಗಳು ಸಾಯುವುದನ್ನೇ ನಿಧಾನಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಸಕ್ಕರೆ ಕಾಯಿಲೆಯ ಲಿಕ್ಸಿಸೆನಟೈಡ್ 2024ರಲ್ಲಿ ಸಣ್ಣ ಆಸೆ ಹುಟ್ಟಿಸಿತ್ತು. ಅದೇ ಗುಂಪಿನ ಎಕ್ಸೆನಟೈಡ್ 2025ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಹೊತ್ತಿಗೆ ಸರಿಯಾಗಿ

ಆಸ್ಪತ್ರೆಗೆ ಸೇರಿದಾಗ ಹೆಚ್ಚಾಗಿ ಕೈತಪ್ಪುವುದು ಮಾತ್ರೆಯ ಹೊತ್ತೇ. ಮೂಳೆ ಮುರಿದೋ ಜ್ವರ ಬಂದೋ ದಾಖಲಾದರೆ ವಾರ್ಡಿನ ಹೊತ್ತಿಗೆ ಮಾತ್ರೆ ಕೊಡುತ್ತಾರೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ದಿನಕ್ಕೆ ಆರು ಬಾರಿ ತೆಗೆದುಕೊಳ್ಳುವವರಿಗೆ ಒಂದು ಗಂಟೆ ತಡವಾದರೂ ನುಂಗುವುದು, ಉಸಿರಾಟ, ಓಡಾಟ ಎಲ್ಲ ಕೆಡುತ್ತವೆ. ಪೂರ್ತಿ ನಿಲ್ಲಿಸಿದರೆ ತೀವ್ರ ಜ್ವರ, ಮರಗಟ್ಟುವ ಬಿಗಿತ, ಪ್ರಜ್ಞೆ ತಪ್ಪುವುದು, ಪ್ರಾಣಕ್ಕೇ ಅಪಾಯ. ಬಾಯಿಂದ ನುಂಗಲಾಗದಿದ್ದರೆ ಮೂಗಿನ ಕೊಳವೆಯಲ್ಲಿ ಕೊಡಬಹುದು, ರೋಟಿಗೋಟಿನ್ ಪಟ್ಟಿ ಹಾಕಬಹುದು. ಮಾತ್ರೆಯ ಹೆಸರು, ಡೋಸ್, ನಿಮಿಷದ ಲೆಕ್ಕದಲ್ಲಿ ಹೊತ್ತು, ಕೊಡಬಾರದ ಔಷಧಿಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ವಾರ್ಡಿನಲ್ಲಿ ವಾದ ಮಾಡುವುದು ತಪ್ಪುತ್ತದೆ.

ವೈದ್ಯರ ಹತ್ತಿರ ಹೋಗುವಾಗಲೂ ಅಷ್ಟೇ. ಅಲ್ಲಿ ಸಿಗುವುದು ಹದಿನೈದು ನಿಮಿಷ. ಆ ಹೊತ್ತಿಗೆ ಆನ್ ಇದ್ದರೆ ಎಲ್ಲ ಚೆನ್ನಾಗಿರುವಂತೆ ಕಾಣುತ್ತದೆ. ಹೋಗುವ ಮುಂಚೆ ಮೂರು ದಿನ ಒಂದು ಪಟ್ಟಿ ಬರೆಯಿರಿ. ಅರ್ಧರ್ಧ ಗಂಟೆಗೆ ಒಂದು ಗುರುತು: ಆಫ್, ಆನ್, ಆನ್ ಜೊತೆ ಓಲಾಟ, ನಿದ್ದೆ. ಮಾತ್ರೆ ಮತ್ತು ಊಟದ ಹೊತ್ತು ಪಕ್ಕದಲ್ಲಿ. ಆಫ್ ಇದ್ದಾಗಿನ ನಡಿಗೆಯದ್ದೊಂದು, ಓಲಾಟದ್ದೊಂದು ಫೋನಿನಲ್ಲಿ ವಿಡಿಯೋ. ಮಾತ್ರೆಗೆ ಮುಂಚೆ ಆಫ್ ಬರುತ್ತಿದ್ದರೆ ಡೋಸ್ ಹತ್ತಿರ ತರಬಹುದು. ಮಾತ್ರೆಯಾಗಿ ಒಂದು ಗಂಟೆಗೆ ಓಲಾಟ ಬರುತ್ತಿದ್ದರೆ ಆ ಒಂದು ಡೋಸ್ ಚಿಕ್ಕದು ಮಾಡಬಹುದು. ಊಟದ ಮೇಲಿನ ಡೋಸ್ ಮಾತ್ರ ಕೈಕೊಡುತ್ತಿದ್ದರೆ ಔಷಧಿ ಬದಲಿಸುವ ಅಗತ್ಯವೇ ಇಲ್ಲ, ಊಟದ ಹೊತ್ತು ಬದಲಿಸಿದರೆ ಸಾಕಾಗಬಹುದು.